ಆಟದ ಜೊತೆ ಬಂದ ಎರಡನೇ ಸಿಡಿ

2002ರ ಮೇ ತಿಂಗಳಲ್ಲಿ ಅಮೆರಿಕದ ಅಂಗಡಿಗಳಿಗೆ ‘ಮೊರೋವಿಂಡ್’ ಎಂಬ ಕಂಪ್ಯೂಟರ್ ಆಟ ಬಂತು. ಡಬ್ಬಿ ತೆರೆದವರಿಗೆ ಎರಡು ಸಿಡಿ ಸಿಕ್ಕವು. ಮೊದಲನೆಯದರಲ್ಲಿ ಆಟವಿತ್ತು. ಎರಡನೆಯದರಲ್ಲಿ ಆ ಆಟವನ್ನು ಕಟ್ಟಿದ ಉಪಕರಣವೇ ಇತ್ತು. ಅದರ ಹೆಸರು ‘ಕನ್‌ಸ್ಟ್ರಕ್ಷನ್ ಸೆಟ್’. ಅದನ್ನು ಕಂಪ್ಯೂಟರಿಗೆ ಹಾಕಿಕೊಂಡವರು ಆಟದೊಳಗಿನ ವಾರ್ಡೆನ್‌ಫೆಲ್ ದ್ವೀಪವನ್ನು ಮೂಲೆಮೂಲೆಯೂ ಬಿಡದೆ ಬಿಚ್ಚಿ ನೋಡಬಹುದಿತ್ತು. ಬೆಟ್ಟ ತಗ್ಗಿಸಬಹುದಿತ್ತು, ಊರಿಗೊಂದು ಮನೆ ಸೇರಿಸಬಹುದಿತ್ತು, ಆ ಮನೆಯಲ್ಲಿ ಒಬ್ಬ ಮಂತ್ರವಾದಿಯನ್ನು ಕೂರಿಸಿ ಅವನಿಗೆ ಹೊಸ ಮಾತು ಕಲಿಸಬಹುದಿತ್ತು. ಇದಕ್ಕೆಂದು ಕಂಪನಿ ಬೇರೆ ದುಡ್ಡು ಕೇಳಲಿಲ್ಲ.

ಆಟಗಾರರೇ ಕಟ್ಟಿ ಆಟಕ್ಕೆ ಸೇರಿಸುವ ಇಂಥ ತುಣುಕಿಗೆ ‘ಮಾಡ್’ ಎಂದು ಹೆಸರು, ಕಟ್ಟುವವರು ‘ಮಾಡರ್’ಗಳು. ಮೊರೋವಿಂಡ್‌ನ ನಂತರ ಅದೇ ‘ಎಲ್ಡರ್ ಸ್ಕ್ರೋಲ್ಸ್’ ಸರಣಿಯಲ್ಲಿ 2006ರಲ್ಲಿ ‘ಆಬ್ಲಿವಿಯನ್’, 2011ರಲ್ಲಿ ‘ಸ್ಕೈರಿಮ್’ ಬಂದವು. ಸ್ಕೈರಿಮ್ ಒಂದಕ್ಕೇ ಇಂದು ಲಕ್ಷಕ್ಕೂ ಹೆಚ್ಚು ಮಾಡ್‌ಗಳಿವೆ. ಆಡಿದ ಗಂಟೆಗಳಿಗಿಂತ ಆಟವನ್ನು ತಮಗೆ ಬೇಕಾದಂತೆ ತಿದ್ದಿಕೊಂಡ ಗಂಟೆಗಳೇ ಜಾಸ್ತಿ ಎನ್ನುವವರು ಜಗತ್ತಿನ ಎಲ್ಲ ಕಡೆ ಸಿಗುತ್ತಾರೆ. ಸಂಬಳವಿಲ್ಲದೆ, ಬಹುಪಾಲು ಅಡ್ಡಹೆಸರುಗಳಲ್ಲಿ, ರಾತ್ರಿ ಹೊತ್ತಿನಲ್ಲಿ ನಡೆದ ಈ ಕೆಲಸಕ್ಕೆ ಈಗ ಎರಡು ದಶಕ ಮೀರಿದ ಇತಿಹಾಸವಿದೆ. ಸಾಮಾನ್ಯವಾಗಿ ಎರಡು ಮೂರು ವರ್ಷಗಳಲ್ಲಿ ಮರೆತುಹೋಗುವ ಆಟಗಳ ನಡುವೆ ಈ ಮೂರು ಇನ್ನೂ ಬದುಕಿರುವುದು ಈ ಜನರಿಂದ. ಆ ಕೆಲಸ ಯಾರ ಸೊತ್ತು ಎಂಬ ಪ್ರಶ್ನೆ ಮಾತ್ರ ಇಂದಿಗೂ ಇತ್ಯರ್ಥವಾಗಿಲ್ಲ.

ಆಟಗಾರರ ಕೈಗೆ ಉಪಕರಣ ಕೊಟ್ಟದ್ದು ಇದೇ ಮೊದಲಲ್ಲ. 1984ರಲ್ಲೇ ಸ್ಟುವರ್ಟ್ ಸ್ಮಿತ್ ಎಂಬವರು ರೂಪಿಸಿದ ‘ಅಡ್ವೆಂಚರ್ ಕನ್‌ಸ್ಟ್ರಕ್ಷನ್ ಸೆಟ್’ ಮನೆಯ ಕಂಪ್ಯೂಟರಿನಲ್ಲಿ ಸಾಹಸಕಥೆಯ ಆಟ ಕಟ್ಟಲು ಅನುವು ಮಾಡಿತ್ತು. 1993ರಲ್ಲಿ ಎಸ್‌ಎಸ್‌ಐ ಕಂಪನಿ ‘ಅನ್‌ಲಿಮಿಟೆಡ್ ಅಡ್ವೆಂಚರ್ಸ್’ ಮಾರಿತು. ಅದೇ ವರ್ಷದ ಕೊನೆಗೆ ಬಂದ ಗುಂಡು ಹಾರಿಸುವ ಆಟ ‘ಡೂಮ್’, ತನ್ನ ನಕ್ಷೆ, ಚಿತ್ರ, ಸದ್ದುಗಳನ್ನೆಲ್ಲ ಮೂಲ ಪ್ರೋಗ್ರಾಮಿನಿಂದ ಬೇರೆಯಾದ ಕಡತದಲ್ಲಿ ಇಟ್ಟಿತು. ಬೇರೆಯವರು ತಮ್ಮ ಕಡತ ತಂದು ಸೇರಿಸಲಿ ಎಂಬುದೇ ಅದರ ಉದ್ದೇಶವಾಗಿತ್ತು. ಆದರೆ ಅವೆಲ್ಲ ಪುಟ್ಟ ಕೋಣೆಗಳ, ಚೌಕದ ನಕ್ಷೆಗಳ ಲೋಕ. ನಡೆದಾಡಲು ಗಂಟೆಗಟ್ಟಲೆ ಹಿಡಿಯುವ ಒಂದು ಇಡೀ ದ್ವೀಪವನ್ನು, ಅದರ ಪ್ರತಿಯೊಂದು ಬಟ್ಟಲು ಬೋಗುಣಿ ಸಮೇತ ಆಟಗಾರರ ಕೈಗಿಟ್ಟದ್ದು ಮೊರೋವಿಂಡ್.

ಹಾಗೆ ಕೊಡಲು ಕಾರಣವಾದ ಪರಿಸ್ಥಿತಿ ವಿಚಿತ್ರವಾದದ್ದು. ಬೆಥೆಸ್ಡಾ ಕಂಪನಿ 1986ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಹುಟ್ಟಿತು. ಅಲ್ಲಿನ ಬೆಥೆಸ್ಡಾ ಊರಿನಿಂದಲೇ ಅದಕ್ಕೆ ಹೆಸರು. 1996ರಲ್ಲಿ ಅದು ತಂದ ‘ಡ್ಯಾಗರ್‌ಫಾಲ್’ ಆಟದ ಭೂಪ್ರದೇಶ ಗ್ರೇಟ್ ಬ್ರಿಟನ್ನಿನಷ್ಟು ದೊಡ್ಡದು ಎಂದು ಕಂಪನಿ ಹೇಳಿಕೊಂಡಿತ್ತು. ಸಾವಿರಾರು ಊರುಗಳಿದ್ದವು, ಆದರೆ ಅವುಗಳಲ್ಲಿ ಬಹುಪಾಲು ಕಂಪ್ಯೂಟರ್ ತಾನಾಗಿಯೇ ಲೆಕ್ಕ ಹಾಕಿ ಹೆಣೆದವು. ಒಂದು ಊರು ನೋಡಿದರೆ ಇನ್ನೊಂದನ್ನೂ ನೋಡಿದ ಹಾಗೆ. ಅನಂತರ ಬಂದ ‘ಬ್ಯಾಟಲ್‌ಸ್ಪೈರ್’, ‘ರೆಡ್‌ಗಾರ್ಡ್’ ಎರಡೂ ಮಾರುಕಟ್ಟೆಯಲ್ಲಿ ಸೋತವು. ಕಂಪನಿ ಮುಳುಗುವ ಹಂತಕ್ಕೆ ಬಂದು, 1999ರಲ್ಲಿ ಜೆನಿಮ್ಯಾಕ್ಸ್ ಎಂಬ ಹೊಸ ಸಂಸ್ಥೆಯ ಆಸರೆಗೆ ಸೇರಿತು.

ಉಳಿದ ಚಿಕ್ಕ ತಂಡ ಟಾಡ್ ಹೋವರ್ಡ್ ಅವರ ಮುಂದಾಳತ್ವದಲ್ಲಿ ಈ ಸಲ ಉಲ್ಟಾ ದಾರಿ ಹಿಡಿಯಿತು. ದೇಶ ಚಿಕ್ಕದಾದರೂ ಸರಿ, ಪ್ರತಿಯೊಂದು ಊರನ್ನೂ ಗುಹೆಯನ್ನೂ ಮನುಷ್ಯರೇ ಕೈಯಾರೆ ಜೋಡಿಸಬೇಕು ಎಂದು ತೀರ್ಮಾನವಾಯಿತು. ಹಾಗೆ ಕೈಯಾರೆ ಜೋಡಿಸಲು ಅನುಕೂಲವಾದ ಉಪಕರಣ ಬೇಕಲ್ಲ? ಪ್ರೋಗ್ರಾಮಿಂಗ್ ಬಾರದ ಕಲಾವಿದನೂ ಬರಹಗಾರನೂ ಮೌಸ್ ಹಿಡಿದು ಕಲ್ಲು, ಮರ, ಕುರ್ಚಿ ಎಳೆದು ಇಡುವಂತೆ ತಮಗಾಗಿ ರೂಪಿಸಿಕೊಂಡದ್ದೇ ಕನ್‌ಸ್ಟ್ರಕ್ಷನ್ ಸೆಟ್. ತಾವೇ ಬಳಸಿ ಪಳಗಿಸಿದ ಆ ಸಾಮಗ್ರಿಯನ್ನೇ ಅವರು ಡಬ್ಬಿಯೊಳಗೆ ಇಟ್ಟು ಮಾರಿದರು. ಅದು ಸುಲಭವಾಗಿ ಕುಸಿದು ನಿಲ್ಲುತ್ತಿತ್ತು, ವಿವರಣೆಯೂ ಅರೆಬರೆ ಇತ್ತು. ಆದರೂ ತಯಾರಕರ ಕೈಯಲ್ಲಿದ್ದ ಶಕ್ತಿಯ ದೊಡ್ಡ ಪಾಲು ಆಟಗಾರರ ಕೈಗೂ ಬಂದಿತ್ತು.

ಅದರ ಒಳಗಿನ ಏರ್ಪಾಟು ತಿಳಿದರೆ ಈ ಇತಿಹಾಸದ ಮುಂದಿನ ಜಗಳಗಳೆಲ್ಲ ಅರ್ಥವಾಗುತ್ತವೆ. ಆಟದ ಮೂಲ ಲೋಕ ಒಂದು ‘ಮಾಸ್ಟರ್’ ಕಡತದಲ್ಲಿರುತ್ತದೆ. ಮಾಡರ್ ಅದನ್ನು ಮುಟ್ಟುವುದಿಲ್ಲ. ತಾನು ಬದಲಿಸಿದ್ದು, ಸೇರಿಸಿದ್ದು ಇಷ್ಟನ್ನೇ ‘ಪ್ಲಗಿನ್’ ಎಂಬ ಪುಟ್ಟ ಕಡತದಲ್ಲಿ ಉಳಿಸುತ್ತಾನೆ. ಆಟ ಶುರುವಾದಾಗ ಮಾಸ್ಟರ್ ಮೊದಲು ಓದಿಸಿಕೊಳ್ಳುತ್ತದೆ, ಅದರ ಮೇಲೆ ಒಂದೊಂದಾಗಿ ಪ್ಲಗಿನ್‌ಗಳು. ಒಂದೇ ಮನೆಯ ಬಾಗಿಲನ್ನು ಇಬ್ಬರು ಮಾಡರ್‌ಗಳು ಎರಡು ಕಡೆ ಇಟ್ಟಿದ್ದರೆ ಕೊನೆಗೆ ಓದಿಸಿಕೊಂಡವರ ಮಾತೇ ನಡೆಯುತ್ತದೆ. ಈ ಸರದಿಗೆ ‘ಲೋಡ್ ಆರ್ಡರ್’ ಎನ್ನುತ್ತಾರೆ. ಮಾಡ್ ಹಾಕಿ ಆಡುವವರ ನಡುವೆ ಇದಕ್ಕಿಂತ ಹೆಚ್ಚು ಚರ್ಚೆಯಾದ ವಿಷಯ ಬೇರೊಂದಿಲ್ಲ.

ಕರಾವಳಿಯ ತಾಳಮದ್ದಳೆ ಬಲ್ಲವರಿಗೆ ಈ ಏರ್ಪಾಟು ಹೊಸದೆನಿಸದು. ಪ್ರಸಂಗದ ಪದ್ಯಗಳು ಎಂದೋ ಬರೆದಿಟ್ಟವು, ಭಾಗವತರು ಅವನ್ನು ಹಾಡುತ್ತಾರೆ. ಅದರ ಮೇಲೆ ಕರ್ಣನೋ ಕೃಷ್ಣನೋ ಏನು ವಾದಿಸಬೇಕೆಂಬುದು ಆ ರಾತ್ರಿಯ ಅರ್ಥಧಾರಿಗೆ ಬಿಟ್ಟದ್ದು. ಪದ್ಯ ಹಾಗೇ ಉಳಿಯುತ್ತದೆ, ಕೂಟ ಮಾತ್ರ ಪ್ರತಿ ಸಲ ಬೇರೆ.

ಮೊದಲ ವರ್ಷಗಳ ಮೊರೋವಿಂಡ್ ಮಾಡ್‌ಗಳಲ್ಲಿ ದೊಡ್ಡ ಪಾಲು ಸಿಟ್ಟಿನಿಂದ ಹುಟ್ಟಿದವು. ದ್ವೀಪದ ಬಯಲಿಗೆ ಕಾಲಿಟ್ಟರೆ ಸಾಕು, ‘ಕ್ಲಿಫ್ ರೇಸರ್’ ಎಂಬ ಹಾರುವ ಪ್ರಾಣಿಗಳು ಹಿಂಡುಹಿಂಡಾಗಿ ಎರಗುತ್ತಿದ್ದವು; ಅವುಗಳ ಸಂಖ್ಯೆ ಇಳಿಸುವ, ಅವನ್ನು ಸಾಧುವಾಗಿಸುವ ಮಾಡ್‌ಗಳು ಬೇಗನೇ ಬಂದವು. ಪಾತ್ರಗಳ ಕೈಕಾಲುಗಳು ಕೀಲುಗೊಂಬೆಯ ತುಂಡುಗಳಂತೆ ಕಾಣುತ್ತಿದ್ದವು. ‘ಬೆಟರ್ ಬಾಡೀಸ್’ ಅವಕ್ಕೆ ಒಂದೇ ಮೈ ಕೊಟ್ಟಿತು. ಇಡೀ ದ್ವೀಪದಲ್ಲಿ ಒಂದು ಮಗುವೂ ಇರಲಿಲ್ಲ. ‘ಚಿಲ್ಡ್ರನ್ ಆಫ್ ಮೊರೋವಿಂಡ್’ ಎಂಬ ಮಾಡ್ ಊರೂರಿಗೆ ಮಕ್ಕಳನ್ನು ತಂದಿತು. ಅದನ್ನು ಕಟ್ಟಿದವರು ಎಮ್ಮಾ ಎಂಬ ಹೆಸರಿನಿಂದ ಪರಿಚಿತರಾದ ಮಹಿಳೆ. ಅವರ ಮಾತು ಮುಂದೆ ಮತ್ತೆ ಬರುತ್ತದೆ.

ಮೊರೋವಿಂಡ್‌ನಲ್ಲಿ ಇನ್ನೊಂದು ಅನುಕೂಲವಿತ್ತು. ಪಾತ್ರಗಳು ಒಂದೆರಡು ವಾಕ್ಯ ಬಿಟ್ಟರೆ ಬಾಯಿಬಿಟ್ಟು ಆಡುವುದಿಲ್ಲ. ಉಳಿದ ಮಾತೆಲ್ಲ ಪರದೆಯ ಮೇಲೆ ಬರಹದಲ್ಲಿ ಬರುತ್ತದೆ. ಹಾಗಾಗಿ ಚೆನ್ನಾಗಿ ಬರೆಯಬಲ್ಲ ಒಬ್ಬ ವ್ಯಕ್ತಿ ಒಂದು ಇಡೀ ಊರಿನ ಕಥೆ ಬರೆದು ಸೇರಿಸಿದರೂ ಅದು ಮೂಲ ಆಟದ ಭಾಗದಂತೆಯೇ ಕಾಣುತ್ತಿತ್ತು. ನಟರು ಬೇಡ, ಮೈಕ್ ಬೇಡ, ದುಡ್ಡೂ ಬೇಡ. ಈ ಸರಣಿಯ ಮಾಡ್‌ಗಳಲ್ಲಿ ಬರವಣಿಗೆ ಅತ್ಯಂತ ಸಮೃದ್ಧವಾಗಿ ಬೆಳೆದದ್ದು ಮೊರೋವಿಂಡ್‌ನಲ್ಲೇ ಎನ್ನಲು ಇದು ಸಾಕಷ್ಟು ಕಾರಣ.

ಆ ಸಮೃದ್ಧಿಯ ದೊಡ್ಡ ಗುರುತು ‘ಟ್ಯಾಮ್ರಿಯಲ್ ರೀಬಿಲ್ಟ್’. ಇದು ಶುರುವಾದದ್ದು 2001ರಲ್ಲಿ, ಮೊರೋವಿಂಡ್ ಇನ್ನೂ ಮಾರುಕಟ್ಟೆಗೆ ಬಾರದಿದ್ದಾಗ. ಆಟದಲ್ಲಿ ಇರುವುದು ಮೊರೋವಿಂಡ್ ಪ್ರಾಂತ್ಯದ ನಡುವಿನ ದ್ವೀಪ ಮಾತ್ರ ಎಂದು ತಿಳಿದಾಗ, ಸುತ್ತಲಿನ ಮುಖ್ಯಭೂಮಿಯನ್ನು ನಾವೇ ಕಟ್ಟೋಣ ಎಂದು ಅಭಿಮಾನಿಗಳು ಹೊರಟರು. ಮೊದಮೊದಲು ಇಡೀ ಟ್ಯಾಮ್ರಿಯಲ್ ಖಂಡವನ್ನೇ ಕಟ್ಟುವ ಕನಸಿತ್ತು. ಕೆಲಸದ ಅಳತೆ ಕಂಡ ಮೇಲೆ ಒಂದು ಪ್ರಾಂತ್ಯಕ್ಕೆ ಇಳಿಸಿಕೊಂಡರು. ಒಂದಿಷ್ಟು ಪ್ರದೇಶ ಮುಗಿದಾಗಲೆಲ್ಲ ಆಡಲು ಬಿಡುತ್ತಾರೆ, ಮುಂದಿನದಕ್ಕೆ ಕೈಹಾಕುತ್ತಾರೆ. ಹಳಬರು ಬಿಟ್ಟುಹೋಗುತ್ತಾರೆ, ಹೊಸಬರು ಸೇರುತ್ತಾರೆ, ಹಿಂದಿನವರ ಊರು ಹಳತಾಯಿತೆನಿಸಿದರೆ ಕೆಡವಿ ಮತ್ತೆ ಕಟ್ಟುತ್ತಾರೆ. ಎರಡು ದಶಕ ಕಳೆದರೂ ಪ್ರಾಂತ್ಯ ಪೂರ್ತಿಯಾಗಿಲ್ಲ, ಕೆಲಸ ನಿಂತೂ ಇಲ್ಲ.

ಈ ಕಾಲದಲ್ಲೇ ಒಂದು ನಡವಳಿಕೆ ಬೇರೂರಿತು. ಪ್ರತಿ ಮಾಡ್‌ನ ಜೊತೆ ‘ರೀಡ್‌ಮಿ’ ಎಂಬ ಸಣ್ಣ ಬರಹದ ಕಡತ ಇರುತ್ತಿತ್ತು. ಮಾಡ್ ಏನು ಮಾಡುತ್ತದೆ, ಹೇಗೆ ಹಾಕಬೇಕು, ಯಾವುದರ ಜೊತೆ ಹೊಂದುವುದಿಲ್ಲ ಎಂಬುದರ ಕೊನೆಗೆ ಯಾರ ಕತ್ತಿ, ಯಾರ ಬಟ್ಟೆ, ಯಾರ ಕುರ್ಚಿಯ ಮಾದರಿ ಎರವಲು ಪಡೆದದ್ದು ಎಂಬ ಪಟ್ಟಿ. ಬೇರೆಯವರ ಕೆಲಸವನ್ನು ಕೇಳದೆ ಬಳಸಬಾರದು, ಕೇಳಿ ಬಳಸಿದರೆ ಹೆಸರು ಹೇಳಬೇಕು. ಯಾವ ನ್ಯಾಯಾಲಯವೂ ಹಾಕಿಕೊಡದ ಈ ನಿಯಮವನ್ನು ಮುರಿದವರನ್ನು ಸಮುದಾಯ ದೂರ ಇಡುತ್ತಿತ್ತು.

ಉಪಕರಣ ಕೊಟ್ಟದ್ದು ಬೆಥೆಸ್ಡಾ ಒಂದೇ ಅಲ್ಲ. ಮೊರೋವಿಂಡ್ ಬಂದ ಒಂದೂವರೆ ತಿಂಗಳಿಗೆ, 2002ರ ಜೂನ್‌ನಲ್ಲಿ, ಬಯೋವೇರ್ ಕಂಪನಿಯ ‘ನೆವರ್‌ವಿಂಟರ್ ನೈಟ್ಸ್’ ಕೂಡ ‘ಅರೋರಾ’ ಎಂಬ ಉಪಕರಣದೊಂದಿಗೆ ಬಂತು. ಅದರಲ್ಲಿ ಒಬ್ಬರು ಸೂತ್ರಧಾರರಾಗಿ ಕೂತು ಗೆಳೆಯರಿಗೆ ತಾವು ಕಟ್ಟಿದ ಕಥೆ ಆಡಿಸಬಹುದಿತ್ತು. ಅದೇ ಕಂಪನಿಯ ಹಿಂದಿನ ಆಟ ‘ಬಾಲ್ಡರ್ಸ್ ಗೇಟ್ 2’ರ ಜೊತೆ ಯಾವ ಉಪಕರಣವೂ ಬಂದಿರಲಿಲ್ಲ. ಆದರೂ ವೆಸ್ಟ್ಲಿ ವೈಮರ್ ಎಂಬ ಕಂಪ್ಯೂಟರ್ ವಿಜ್ಞಾನಿ ‘ವೈಡು’ ಎಂಬ ಉಪಕರಣವನ್ನು ತಾವೇ ಬರೆದು ಆ ಆಟವನ್ನು ಮಾಡರ್‌ಗಳಿಗೆ ತೆರೆದರು. ಬಯೋವೇರ್‌ನ ಬರಹಗಾರ ಡೇವಿಡ್ ಗೇಡರ್ ಅವರೇ ಆ ಆಟದ ಕೊನೆಯ ಕಾಳಗವನ್ನು ತಮ್ಮ ಮನಸ್ಸಿಗೆ ಒಪ್ಪುವಂತೆ ‘ಅಸೆನ್ಷನ್’ ಎಂಬ ಮಾಡ್ ಆಗಿ ಕಟ್ಟಿ ಹಂಚಿದ್ದರು.

2006ರ ಮಾರ್ಚ್‌ನಲ್ಲಿ ಆಬ್ಲಿವಿಯನ್ ಬಂದಾಗ ಗಾಳಿ ಬೇರೆಯಾಗಿತ್ತು. ಮೊರೋವಿಂಡ್‌ಗೆ ಬೆಥೆಸ್ಡಾ ತಾನೇ ಕೆಲವು ಪ್ಲಗಿನ್‌ಗಳನ್ನು ಕಟ್ಟಿ ಪುಕ್ಕಟೆ ಹಂಚಿತ್ತು. ಭೂತಗಳು ತುಂಬಿದ ಒಂದು ಕೋಟೆದ್ವೀಪವೂ ಅದರಲ್ಲಿತ್ತು. ಆಬ್ಲಿವಿಯನ್ ಬಂದ ಮರುತಿಂಗಳೇ ಕಂಪನಿ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಮಾರಾಟಕ್ಕಿಟ್ಟಿತು. ಆಟಗಾರರು ರೇಗಿದರು. ಆಟದೊಳಗಿನ ಸಣ್ಣ ಅಲಂಕಾರಕ್ಕೆ ಬೇರೆ ದುಡ್ಡು ಕೇಳುವ ರೂಢಿ ಎಲ್ಲಿಂದ ಬಂತು ಎಂದು ಕೇಳಿದರೆ ಇವತ್ತಿಗೂ ಜನ ಮೊದಲು ಬೆರಳು ತೋರಿಸುವುದು ಆ ಕವಚದ ಕಡೆಗೆ.

ಆಬ್ಲಿವಿಯನ್‌ನ ನಿಜವಾದ ಕೊರತೆ ಬೇರೆಯಿತ್ತು. ಆಟಗಾರ ಬಲಿತಂತೆ ಲೋಕವೆಲ್ಲ ಅವನ ಸಮಕ್ಕೆ ಬಲಿಯುತ್ತಿತ್ತು. ದಾರಿಯಲ್ಲಿ ಅಡ್ಡಗಟ್ಟಿ ನೂರು ನಾಣ್ಯ ಕೇಳುವ ಕಳ್ಳನೇ ಸಾವಿರಾರು ನಾಣ್ಯ ಬೆಲೆಬಾಳುವ ಕವಚ ತೊಟ್ಟು ನಿಂತಿರುತ್ತಿದ್ದ. ಎಷ್ಟು ದಿನ ಕಷ್ಟಪಟ್ಟರೂ ಯಾರಿಗಿಂತಲೂ ಮೇಲಾದೆ ಎನಿಸುತ್ತಿರಲಿಲ್ಲ. ಅದೇ ವರ್ಷ ಬಂದ ‘ಆಸ್ಕುರೋಸ್ ಆಬ್ಲಿವಿಯನ್ ಓವರ್‌ಹಾಲ್’ ಈ ಲೆಕ್ಕವನ್ನು ಬುಡದಿಂದ ತಿದ್ದಿತು: ಅಪಾಯದ ಜಾಗ ಮೊದಲ ದಿನವೂ ಅಪಾಯದ್ದೇ, ಬಡಕಲು ಕಳ್ಳ ಕೊನೆಯ ದಿನವೂ ಬಡಕಲೇ. ಆಟವನ್ನು ಕೊಂಡ ಅನೇಕರ ಪಾಲಿಗೆ ಅಭಿಮಾನಿಯೊಬ್ಬರು ತಿದ್ದಿದ ಈ ಆವೃತ್ತಿಯೇ ನಿಜವಾದ ಆಬ್ಲಿವಿಯನ್ ಆಯಿತು.

ಇನ್ನೊಂದು ಬದಲಾವಣೆ ಮಾಡರ್‌ಗಳಿಗೆ ಭಾರವಾಯಿತು. ಆಬ್ಲಿವಿಯನ್‌ನ ಪಾತ್ರಗಳೆಲ್ಲ ಬಾಯಿಬಿಟ್ಟು ಮಾತನಾಡುತ್ತಿದ್ದವು. ಚಕ್ರವರ್ತಿಗೆ ಪ್ಯಾಟ್ರಿಕ್ ಸ್ಟೂವರ್ಟ್, ಅವನ ಮಗನಿಗೆ ಶಾನ್ ಬೀನ್ ದನಿ ಕೊಟ್ಟಿದ್ದರು. ಈಗ ಮಾಡರ್ ಬರೆದ ಹೊಸ ಮಾತು ಆ ದನಿಗಳ ನಡುವೆ ಮೂಕವಾಗಿ ನಿಲ್ಲಬೇಕಾಯಿತು. ದನಿಯ ಕಡತ ಇಲ್ಲದಿದ್ದರೆ ಬರಹ ಕಣ್ಣುಮಿಟುಕಿಸುವಷ್ಟರಲ್ಲಿ ಪರದೆಯಿಂದ ಮಾಯವಾಗುತ್ತಿತ್ತು. ಅದನ್ನು ಓದುವಷ್ಟು ಹೊತ್ತು ನಿಲ್ಲಿಸಲೆಂದೇ ಖಾಲಿ ದನಿ ನುಡಿಸುವ ಒಂದು ಮಾಡ್ ಹುಟ್ಟಿತು. ಒಳ್ಳೆಯ ಕಥೆ ಕಟ್ಟಬೇಕೆಂದವರು ಇನ್ನು ಮುಂದೆ ದನಿ ಕೊಡುವವರನ್ನೂ ಹುಡುಕಬೇಕಿತ್ತು.

ಎಮ್ಮಾ ಅದನ್ನೂ ಮಾಡಿದರು. ಜೊತೆಗಾರ ಚಾರ್ಲ್ಸ್ ಕೂಲಿ ಅವರೊಂದಿಗೆ ಸೇರಿ ಆಬ್ಲಿವಿಯನ್‌ಗೆ ‘ವಿಲ್ಜಾ’ ಎಂಬ ಸಂಗಾತಿಯನ್ನು ಸೃಷ್ಟಿಸಿದರು. ಆಟಗಾರನ ಜೊತೆ ನಡೆಯುವ, ಹಾಡುವ, ಹರಟುವ, ಸಾವಿರಾರು ಮಾತು ಬಲ್ಲ ಹುಡುಗಿ ಅವಳು. ಅವಳನ್ನು ಮೆಚ್ಚಿದವರಲ್ಲಿ ಒಬ್ಬರು ಇಂಗ್ಲೆಂಡಿನ ಕಾದಂಬರಿಕಾರ ಟೆರಿ ಪ್ರಾಚೆಟ್. ‘ಡಿಸ್ಕ್‌ವರ್ಲ್ಡ್’ ಸರಣಿಯಿಂದ ಜಗತ್ಪ್ರಸಿದ್ಧರಾಗಿದ್ದ ಅವರು ಎಮ್ಮಾ ಅವರಿಗೆ ಪತ್ರ ಬರೆದರು, ಪರಿಚಯ ಗೆಳೆತನವಾಯಿತು. ವಿಲ್ಜಾ ಆಡುವ ಮಾತುಗಳಲ್ಲಿ ಕೆಲವನ್ನು ಅವರೇ ಬರೆದುಕೊಟ್ಟರು, ಹೊಸ ಹೊಸ ಯೋಚನೆಗಳನ್ನು ಕಳಿಸುತ್ತಿದ್ದರು.

ಪ್ರಾಚೆಟ್ ತಮಗೆ ಆಲ್‌ಝೈಮರ್ಸ್‌ನ ಅಪರೂಪದ ಬಗೆಯೊಂದು ಬಂದಿದೆ ಎಂದು 2007ರ ಡಿಸೆಂಬರ್‌ನಲ್ಲಿ ಜಗತ್ತಿಗೆ ತಿಳಿಸಿದ್ದರು. ಕಣ್ಣಿಗೆ ಕಂಡದ್ದನ್ನು ಮಿದುಳು ಅರ್ಥಮಾಡಿಕೊಳ್ಳುವ ಶಕ್ತಿಯನ್ನೇ ಕುಂದಿಸುವ ರೋಗ ಅದು. ಕವಲುದಾರಿಗಳ ಗುಹೆಯೊಳಗೆ ಹೊಕ್ಕರೆ ಹೊರಬರುವುದು ಅವರಿಗೆ ಕಷ್ಟವಾಗುತ್ತಿತ್ತು. ಆಗ ಮಾಡರ್‌ಗಳು ವಿಲ್ಜಾಳಿಗೆ ಹೊಸ ವಿದ್ಯೆಯೊಂದನ್ನು ಕಲಿಸಿದರು: ದಾರಿ ತಪ್ಪಿದ ಆಟಗಾರನನ್ನು ಅವಳು ಮುಂದೆ ನಡೆದು ಹೊರಗೆ ಕರೆದೊಯ್ಯುತ್ತಾಳೆ. ಪ್ರಾಚೆಟ್ 2015ರ ಮಾರ್ಚ್ 12ರಂದು ತೀರಿಕೊಂಡರು. ಒಬ್ಬ ಮಾಡರ್ ಒಬ್ಬ ಲೇಖಕನಿಗೆ ಮಾಡಬಹುದಾದ ಉಪಕಾರಗಳಲ್ಲಿ ವಿಲ್ಜಾಳ ಈ ವಿದ್ಯೆಗಿಂತ ದೊಡ್ಡದನ್ನು ನೆನೆಯುವುದು ಕಷ್ಟ. ಯಾವ ಕಂಪನಿಯ ಯೋಜನಾಪಟ್ಟಿಯಲ್ಲೂ ಇದು ಬರುತ್ತಿರಲಿಲ್ಲ.

ಇದೇ ಹೊತ್ತಿಗೆ ಜರ್ಮನಿಯ ‘ಶ್ಯೂರ್‌ಎಐ’ ತಂಡ ಆಬ್ಲಿವಿಯನ್‌ನ ಎಂಜಿನ್ (ಆಟವನ್ನು ಓಡಿಸುವ ಮೂಲ ಪ್ರೋಗ್ರಾಮ್) ಮಾತ್ರ ಇಟ್ಟುಕೊಂಡು ಅದರ ಲೋಕವನ್ನೇ ತೆಗೆದುಹಾಕಿತು. 2010ರಲ್ಲಿ ಬಂದ ‘ನೇರಿಮ್’ನಲ್ಲಿ ಭೂಮಿ, ದೇವರು, ಕಥೆ ಎಲ್ಲವೂ ಹೊಸದು, ಜರ್ಮನ್ ದನಿಗಳೂ ಪೂರ್ತಿಯಾಗಿದ್ದವು. ಅದೇ ತಂಡ ಮುಂದೆ ಸ್ಕೈರಿಮ್‌ನ ಎಂಜಿನ್ ಮೇಲೆ ಸುಮಾರು ಐದು ವರ್ಷ ದುಡಿದು 2016ರಲ್ಲಿ ‘ಎಂಡರಾಲ್’ ತಂದಿತು. ಆ ವರ್ಷದ ‘ಗೇಮ್ ಅವಾರ್ಡ್ಸ್’ನಲ್ಲಿ ಅಭಿಮಾನಿಗಳ ಸೃಷ್ಟಿಗಾಗಿ ಇಟ್ಟಿದ್ದ ಪ್ರಶಸ್ತಿ ಅದಕ್ಕೆ ಬಂತು. ಬೆಲೆ ಮೊದಲಿನಂತೆಯೇ: ಏನೂ ಇಲ್ಲ.

ಸ್ಕೈರಿಮ್ 2011ರ ನವೆಂಬರ್ 11ರಂದು ಬಿಡುಗಡೆಯಾಯಿತು. ಅದರ ಪರಿಕರಗಳ ಪಟ್ಟಿ ಟಿವಿ ಮುಂದೆ ಕೂತು ಗುಂಡಿ ಒತ್ತುವವರಿಗೆ ಹೊಂದುವಂತಿತ್ತು, ಕಂಪ್ಯೂಟರಿನವರಿಗೆ ಅದು ಹಿಂಸೆ. ‘ಸ್ಕೈಯುಐ’ ಎಂಬ ಮಾಡ್ ಅದನ್ನು ಮರುರೂಪಿಸಿತು. ಇಂದು ಅದಿಲ್ಲದೆ ಕಂಪ್ಯೂಟರಿನಲ್ಲಿ ಸ್ಕೈರಿಮ್ ಆಡುವ ಮಾಡ್ ಪ್ರಿಯರು ಸಿಗುವುದು ಅಪರೂಪ. ಕಂಪನಿಯ ಒಂದು ಆರಂಭಿಕ ತಿದ್ದುಪಡಿಯ ನಂತರ ಡ್ರ್ಯಾಗನ್‌ಗಳು ಹಿಮ್ಮುಖವಾಗಿ ಹಾರತೊಡಗಿದವು. ಅದನ್ನು ಕಂಪನಿಯೇ ಸರಿಪಡಿಸಿತು. ಆದರೆ ಅದು ಮುಟ್ಟದೆ ಬಿಟ್ಟ ದೋಷಗಳು ಸಾವಿರಾರು. ಸಿಕ್ಕಿಬೀಳುವ ಕಥೆಗಳು, ತಪ್ಪು ಜಾಗದಲ್ಲಿ ತೇಲುವ ಕಲ್ಲುಗಳು, ಕೆಲಸ ಮಾಡದ ಮಂತ್ರಗಳು, ಇವನ್ನೆಲ್ಲ ಒಂದೊಂದಾಗಿ ಹುಡುಕಿ ತಿದ್ದಿದ್ದು ‘ಅನ್‌ಅಫಿಷಿಯಲ್ ಪ್ಯಾಚ್’ ಕಟ್ಟಿದ ಮಾಡರ್‌ಗಳು. 2012ರ ಫೆಬ್ರುವರಿಯಲ್ಲಿ ‘ಕ್ರಿಯೇಷನ್ ಕಿಟ್’ ಎಂಬ ಹೊಸ ಉಪಕರಣ ಬಂದ ಮೇಲೆ ಮಾಡ್‌ಗಳ ಪ್ರವಾಹವೇ ಹರಿಯಿತು.

ಪ್ರವಾಹ ಒಂದು ಗೋಡೆಗೆ ಬಡಿಯಿತು. ಆಟದೊಳಗಿನ ಪ್ರತಿ ವಸ್ತುವಿಗೂ ಎಂಟು ಅಂಕಿಗಳ ಗುರುತುಸಂಖ್ಯೆ ಇದೆ. ಹದಿನಾರರ ಲೆಕ್ಕದ ಅಂಕಿಗಳು ಅವು. ಮೊದಲ ಎರಡು ಅಂಕಿಗಳು ಆ ವಸ್ತು ಯಾವ ಕಡತದಿಂದ ಬಂತು ಎಂದು ಹೇಳುತ್ತವೆ. ಎರಡು ಅಂಕಿಗಳಲ್ಲಿ ಎಣಿಸಬಹುದಾದದ್ದು 256 ಮಾತ್ರ. ಸೊನ್ನೆ ಮೂಲ ಆಟಕ್ಕೆ ಹೋಯಿತು, ಕೊನೆಯದು ಆಡುವಾಗ ಹುಟ್ಟುವ ವಸ್ತುಗಳಿಗೆ. ಉಳಿದ 254ರಲ್ಲೇ ಎಲ್ಲ ಪ್ಲಗಿನ್‌ಗಳೂ ಹಿಡಿಸಬೇಕು. ಹಾಗಾಗಿ ಹಲವು ಪ್ಲಗಿನ್‌ಗಳನ್ನು ಬೆಸೆದು ಒಂದಾಗಿಸುವ ವಿದ್ಯೆ ಬೆಳೆಯಿತು. 2017ರಲ್ಲಿ ಹಗುರ ಪ್ಲಗಿನ್ ಎಂಬ ಹೊಸ ಬಗೆ ಬಂದು ಒಂದೇ ಸ್ಥಾನದಲ್ಲಿ 4096ನ್ನು ಕೂರಿಸುವಂತಾದ ಮೇಲೆ ಸಾವಿರ ಮಾಡ್ ಹಾಕಿದ ಸ್ಕೈರಿಮ್ ಕೂಡ ಸಾಧ್ಯವಾಯಿತು.

ಆಟ ತಿದ್ದಿಕೊಳ್ಳುವವರ ಗಂಟೆಗಳು ಹೋಗುವುದು ಇಲ್ಲಿಯೇ. ಹೊಸ ಮಳೆ, ಹೊಸ ಕಾಡು, ಚಳಿಗೆ ನಡುಗಿಸುವ ನಿಯಮ ಎಂದು ಒಂದೊಂದೇ ಮಾಡ್ ಸೇರಿಸುತ್ತ ಹೋದವರು ಒಂದು ಸಂಜೆ ಆಟ ಶುರುಮಾಡಿದರೆ ಅದು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಕಾರಣ ಹುಡುಕಲು ಅರ್ಧ ಮಾಡ್‌ಗಳನ್ನು ತೆಗೆದು ನೋಡಬೇಕು. ಸರಿಹೋದರೆ ಕಳ್ಳ ತೆಗೆದ ಅರ್ಧದಲ್ಲಿದ್ದಾನೆ, ಮತ್ತೆ ಅದನ್ನು ಅರ್ಧ ಮಾಡಬೇಕು. ಆಟದ ನಡುವೆ ಮಾಡ್ ಕಿತ್ತುಹಾಕಿದರೆ ಉಳಿಸಿಟ್ಟ ಆಟವೇ ಕೆಟ್ಟುಹೋಗಬಹುದು. ಈ ಪಾಡು ಕಂಡೇ ಸಮುದಾಯ ತನ್ನ ಉಪಕರಣಗಳನ್ನು ತಾನೇ ರೂಪಿಸಿಕೊಂಡಿತು. ಪ್ಲಗಿನ್‌ಗಳ ಸರದಿ ಜೋಡಿಸುವ ‘ಲೂಟ್’, ಯಾವುದು ಯಾವುದನ್ನು ಅಳಿಸುತ್ತಿದೆ ಎಂದು ಸಾಲುಸಾಲಾಗಿ ತೋರಿಸುವ ‘ಎಕ್ಸ್‌ಎಡಿಟ್’, ಮೂಲ ಕಡತಗಳನ್ನು ಮುಟ್ಟದೆ ಮಾಡ್ ಹಾಕುವ ‘ಮಾಡ್ ಆರ್ಗನೈಸರ್’ ಇವುಗಳಲ್ಲಿ ಮುಖ್ಯವಾದವು. ಈ ಆಟಗಳು ಎಷ್ಟು ನಾಜೂಕಾದ ಕಟ್ಟಡಗಳೆಂಬುದಕ್ಕೆ ತಯಾರಕರ ಬಳಿಯೂ ಸಾಕ್ಷಿಯಿದೆ. ಸ್ಕೈರಿಮ್‌ನ ಮೊದಲ ದೃಶ್ಯದ ಗಾಡಿ ಪರೀಕ್ಷೆಯ ದಿನಗಳಲ್ಲಿ ಆಕಾಶಕ್ಕೆ ಚಿಮ್ಮುತ್ತಿದ್ದುದಕ್ಕೆ ಒಂದು ಜೇನುನೊಣ ಕಾರಣವಾಗಿತ್ತು ಎಂದು ಬೆಥೆಸ್ಡಾದ ಹಳೆಯ ಕಲಾವಿದ ನೇಟ್ ಪರ್ಕಿಪೈಲ್ 2021ರಲ್ಲಿ ಹೇಳಿದರು. ಯಾರೂ ಕದಲಿಸಲಾಗದಂತೆ ಆ ನೊಣ ಗಟ್ಟಿಯಾಗಿಬಿಟ್ಟಿತ್ತು, ಗಾಡಿ ಅದಕ್ಕೆ ಡಿಕ್ಕಿ ಹೊಡೆದು ಹಾರುತ್ತಿತ್ತು.

ಕಟ್ಟುವವರ ಗಂಟೆಗಳ ಲೆಕ್ಕ ಇನ್ನೂ ದೊಡ್ಡದು. 2013ರಲ್ಲಿ ‘ಫಾಲ್ಸ್ಕಾರ್’ ಎಂಬ ಹೊಸ ದ್ವೀಪವನ್ನು ಸ್ಕೈರಿಮ್‌ಗೆ ಸೇರಿಸಿದ ಅಲೆಕ್ಸಾಂಡರ್ ವೆಲಿಕಿ ಆಗ 19ರ ಹುಡುಗ. ಸುಮಾರು 2,000 ಗಂಟೆ ದುಡಿದೆ, ಬೆಥೆಸ್ಡಾದಲ್ಲಿ ಕೆಲಸ ಸಿಗಲಿ ಎಂಬುದೇ ಆಸೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದ. ಕೆಲಸ ಸಿಕ್ಕಿತು, ಕೊಟ್ಟದ್ದು ಮಾತ್ರ ಬಂಗೀ ಎಂಬ ಬೇರೆ ಕಂಪನಿ. ಆಸ್ಟ್ರೇಲಿಯಾದ ವಕೀಲ ನಿಕ್ ಪಿಯರ್ಸ್ ಬಿಡುವಿನ ವೇಳೆಯಲ್ಲಿ ಮೂರು ವರ್ಷ ಕೂತು ‘ದ ಫರ್ಗಾಟನ್ ಸಿಟಿ’ ಬರೆದರು. ಒಬ್ಬ ತಪ್ಪು ಮಾಡಿದರೆ ಊರಿಗೆಲ್ಲ ಸಾವು ಎಂಬ ಕಾನೂನಿರುವ ನೆಲದಡಿಯ ನಗರದ ಕಥೆ ಅದು. 2016ರಲ್ಲಿ ಆಸ್ಟ್ರೇಲಿಯಾದ ಬರಹಗಾರರ ಸಂಘದ ಪ್ರಶಸ್ತಿ ಅದಕ್ಕೆ ಸಂದಿತು. ಒಂದು ಮಾಡ್‌ಗೆ ಅಂಥ ಗೌರವ ಸಿಕ್ಕಿದ್ದು ಅದೇ ಮೊದಲು. ಪಿಯರ್ಸ್ ವಕೀಲಿಕೆ ಬಿಟ್ಟು ಕಥೆಯನ್ನು ರೋಮನ್ ಕಾಲಕ್ಕೆ ಸಾಗಿಸಿ 2021ರಲ್ಲಿ ಸ್ವತಂತ್ರ ಆಟವಾಗಿ ಹೊರತಂದರು.

ಇಷ್ಟೊಂದು ದುಡಿಮೆಗೆ ಕೂಲಿ ಬೇಡವೇ? 2015ರ ಏಪ್ರಿಲ್ 23ರಂದು ಆಟಗಳನ್ನು ಅಂತರ್ಜಾಲದಲ್ಲಿ ಮಾರುವ ವಾಲ್ವ್ ಕಂಪನಿ ಮತ್ತು ಬೆಥೆಸ್ಡಾ ಸೇರಿ ಸ್ಕೈರಿಮ್ ಮಾಡ್‌ಗಳ ಮಾರಾಟ ತೆರೆದವು. ಬೆಲೆಯಲ್ಲಿ ವಾಲ್ವ್‌ಗೆ ಶೇ. 30, ಬೆಥೆಸ್ಡಾಗೆ ಶೇ. 45, ಕಟ್ಟಿದವರಿಗೆ ಶೇ. 25. ಮರುದಿನವೇ ರಂಪ. ಮಾರಾಟಕ್ಕಿಟ್ಟಿದ್ದ ಮೀನು ಹಿಡಿಯುವ ಮಾಡ್ ಒಂದು ಇನ್ನೊಬ್ಬ ಮಾಡರ್ ಪುಕ್ಕಟೆ ಹಂಚಿದ್ದ ಚಲನೆಯ ಕೆಲಸವನ್ನು ನೆಚ್ಚಿಕೊಂಡಿದೆ ಎಂದು ತಕರಾರು ಎದ್ದು ಅದನ್ನು ಹಿಂದೆಗೆದರು. ರೀಡ್‌ಮಿಯ ಕಾಲದಿಂದ ಒಬ್ಬರ ಕೆಲಸದ ಮೇಲೆ ಇನ್ನೊಬ್ಬರು ಕಟ್ಟುತ್ತ ಬಂದವರ ನಡುವೆ ಈಗ ಯಾವುದು ಯಾರದು ಎಂಬ ಲೆಕ್ಕ ಶುರುವಾಯಿತು. ವಿರೋಧದ ಮನವಿಗೆ 1,30,000ಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. ನಾಲ್ಕು ದಿನ ಕಳೆದು, ಏಪ್ರಿಲ್ 27ರಂದು, ಮಾಡ್ ಮಾರಾಟ ನಿಂತಿತು, ಕೊಂಡವರಿಗೆ ದುಡ್ಡು ವಾಪಸಾಯಿತು.

ಆ ಗಲಾಟೆಯಲ್ಲಿ ಎರಡು ನ್ಯಾಯಗಳು ಎದುರುಬದುರಾಗಿದ್ದವು. ಸಾವಿರ ಗಂಟೆ ದುಡಿದವರು ದುಡ್ಡು ಕೇಳುವುದು ತಪ್ಪಲ್ಲ. ಅವರನ್ನು ದುರಾಸೆಯವರೆಂದು ಹೀಗಳೆದದ್ದು ಅನ್ಯಾಯ. ಹಂಚಿಕೊಂಡೇ ಬೆಳೆದ ಊರಿನಲ್ಲಿ ಏಕಾಏಕಿ ಗೇಟು ಹಾಕಿದ್ದಕ್ಕೆ ಸಿಟ್ಟಾದವರದೂ ಸುಳ್ಳು ಸಿಟ್ಟಲ್ಲ. ಆದರೆ ಮುಕ್ಕಾಲು ಪಾಲು ಕಂಪನಿಗಳಿಗೆ ಹೋಗುವ ಆ ಹಂಚಿಕೆಯನ್ನು ಸಮರ್ಥಿಸುವುದು ಯಾವ ದಿಕ್ಕಿನಿಂದಲೂ ಆಗದು. ಬೆಥೆಸ್ಡಾ ಯೋಚನೆಯನ್ನು ಕೈಬಿಡಲಿಲ್ಲ. 2017ರಲ್ಲಿ ‘ಕ್ರಿಯೇಷನ್ ಕ್ಲಬ್’ ಎಂಬ ಹೆಸರಿನಲ್ಲಿ, 2023ರ ಡಿಸೆಂಬರ್‌ನಲ್ಲಿ ‘ಕ್ರಿಯೇಷನ್ಸ್’ ಎಂಬ ಹೆಸರಿನಲ್ಲಿ ಆಯ್ದ ಮಾಡರ್‌ಗಳ ಕೆಲಸವನ್ನು ಮಾರಲು ಮತ್ತೆ ದಾರಿ ತೆರೆಯಿತು.

ಜಗಳ ಕಂಪನಿಗಳ ಜೊತೆ ಮಾತ್ರ ನಡೆಯಲಿಲ್ಲ. 2001ರಲ್ಲಿ ರಾಬಿನ್ ಸ್ಕಾಟ್ ಎಂಬ ಇಂಗ್ಲೆಂಡಿನ ಹುಡುಗ ಇನ್ನೂ ಬಾರದಿದ್ದ ಮೊರೋವಿಂಡ್ ಮೇಲಿನ ಪ್ರೀತಿಯಿಂದ ಶುರುಮಾಡಿದ ತಾಣ ಬೆಳೆದು ‘ನೆಕ್ಸಸ್ ಮಾಡ್ಸ್’ ಎಂಬ ದೊಡ್ಡ ಉಗ್ರಾಣವಾಗಿತ್ತು. 2021ರ ಜುಲೈನಲ್ಲಿ ಅದು, ಇನ್ನು ಮುಂದೆ ಮಾಡರ್ ತನ್ನ ಕಡತ ಅಳಿಸಿದರೂ ಅದರ ಒಂದು ಪ್ರತಿ ಉಗ್ರಾಣದಲ್ಲಿ ಉಳಿಯುತ್ತದೆ ಎಂದು ಸಾರಿತು. ಒಂದು ಮಾಡ್ ಮಾಯವಾದರೆ ಅದನ್ನು ನೆಚ್ಚಿದ ನೂರಾರು ಜೋಡಣೆಗಳು ಕುಸಿಯುತ್ತವೆ ಎಂಬುದು ಅದರ ವಾದ. ನನ್ನ ಕೆಲಸವನ್ನು ಹಿಂತೆಗೆದುಕೊಳ್ಳುವ ಹಕ್ಕು ನನ್ನದು ಎಂದು ಹಲವು ಹಿರಿಯ ಮಾಡರ್‌ಗಳು ಕೊಟ್ಟ ಗಡುವಿನೊಳಗೆ ತಮ್ಮದೆಲ್ಲವನ್ನೂ ಎತ್ತಿಕೊಂಡು ಹೊರಟುಹೋದರು.

ಉಳಿಸಿಕೊಳ್ಳುವ ಚಿಂತೆಯಲ್ಲಿ ಹುರುಳಿಲ್ಲದೆ ಇಲ್ಲ. ಮೊರೋವಿಂಡ್ ಕಾಲದ ತಾಣಗಳು ಹಲವು ಮುಚ್ಚಿಹೋದವು, ಅವುಗಳ ಜೊತೆ ಎಷ್ಟೋ ಮಾಡ್‌ಗಳೂ ಅವುಗಳ ರೀಡ್‌ಮಿಗಳೂ ಹೋದವು. ಹಳೆಯ ಡಿಸ್ಕುಗಳಲ್ಲಿ ಸಿಕ್ಕಿದ್ದನ್ನು ಹುಡುಕಿ ಒಟ್ಟುಮಾಡುವ ಕೆಲಸವನ್ನು ‘ಮೊರೋವಿಂಡ್ ಮಾಡಿಂಗ್ ಹಿಸ್ಟರಿ’ ಎಂಬ ಸಂಗ್ರಹ ಮಾಡಿದೆ. ಆಟದ ಎಂಜಿನ್ ಮುಪ್ಪಾಗಿ ಹೊಸ ಕಂಪ್ಯೂಟರುಗಳಲ್ಲಿ ಓಡದ ದಿನ ಬರಬಾರದೆಂದು 2008ರಿಂದ ಸ್ವಯಂಸೇವಕರು ‘ಓಪನ್‌ಎಂಡಬ್ಲ್ಯು’ ಎಂಬ ಹೊಸ ಎಂಜಿನ್ ಬರೆಯುತ್ತಿದ್ದಾರೆ. ಅದರ ಮೂಲ ಕೋಡ್ ಯಾರಾದರೂ ಓದಬಹುದು, ತಿದ್ದಬಹುದು. ಆಟದ ಪ್ರತಿ ತಮ್ಮ ಬಳಿ ಇದ್ದರೆ ಸಾಕು, ಅದರ ಮೇಲೆ ಓಡಿಸಬಹುದು.

ಆಟ ತಿದ್ದುವವರಿಗೆಂದು ತೆರೆದ ಈ ಬಾಗಿಲಿನಿಂದ ಭಾಷೆಗಳೂ ಒಳಬಂದಿವೆ. ಸ್ಕೈರಿಮ್‌ನ ಅಧಿಕೃತ ಭಾಷೆಗಳ ಪಟ್ಟಿಯಲ್ಲಿ ತಮ್ಮ ನುಡಿ ಇಲ್ಲದಿದ್ದಾಗ ಹಂಗೇರಿ, ಟರ್ಕಿ, ಬ್ರೆಜಿಲ್‌ನ ಅಭಿಮಾನಿಗಳು ತಾವೇ ಕೂತು ಅನುವಾದಿಸಿಕೊಂಡರು. ಆ ಪಟ್ಟಿಯಲ್ಲಿ ಕನ್ನಡವೂ ಇಲ್ಲ. ಮೊರೋವಿಂಡ್‌ನ ಮಾತು ಬಹುಪಾಲು ಬರಹದಲ್ಲೇ ಇರುವುದರಿಂದ ಅನುವಾದಕ್ಕೆ ನಟರು ಬೇಕಿಲ್ಲ. ಒತ್ತಕ್ಷರಗಳು ಸರಿಯಾಗಿ ಕೂರುವಂತೆ ಅಕ್ಷರ ತೋರಿಸುವ ಭಾಗವನ್ನು ತಿದ್ದಬೇಕಾದರೆ ಓಪನ್‌ಎಂಡಬ್ಲ್ಯುವಿನ ಕೋಡ್ ಎದುರಿಗೇ ಇದೆ. ಪುರಾಣದ ನುಡಿಗಟ್ಟು ಬಲ್ಲ ಕೆಲವು ಬರಹಗಾರರು, ಪ್ರೋಗ್ರಾಮಿಂಗ್ ಬಲ್ಲ ಒಬ್ಬಿಬ್ಬರು ಜೊತೆಯಾದರೆ ದ್ವೀಪದ ಒಂದು ಹಳ್ಳಿಯನ್ನಾದರೂ ಕನ್ನಡಕ್ಕೆ ತರಬಹುದು. ಕೈಹಾಕುವವರು ರೀಡ್‌ಮಿಯಲ್ಲಿ ಹಿಂದಿನವರ ಹೆಸರು ಬರೆಯುವುದನ್ನು ಮಾತ್ರ ಮರೆಯದಿರಲಿ.